ತನ್ನ ಮಣೆಯನ್ನು ತಾನೇ ತರುವ ಅತಿಥಿ

ಮನೆಗೆ ಬಂದವರಿಗೆ ಮಣೆ ಹಾಕಿ ಕೂರಿಸುವುದು ನಮ್ಮ ಮನೆತನಗಳ ರೂಢಿ. ಆದರೆ ಕರೆಯದೆ ಬಂದವನೊಬ್ಬನು ಬಾಗಿಲ ಸಂದಿನಿಂದ ತನ್ನದೇ ಮಣೆಯನ್ನು ಒಳಗೆ ತಳ್ಳಿ, ಮನೆಯವರಿಂದಲೇ ಅದರಡಿ ಕಟ್ಟೆ ಕಟ್ಟಿಸಿ, ಮೇಲೆ ಕುಳಿತುಬಿಟ್ಟರೆ? ಹಸುಗೂಸುಗಳಿಗೆ ಭೇದಿಯನ್ನುಂಟುಮಾಡುವ ಒಂದು ಬಗೆಯ ಈ. ಕೋಲೈ ಬ್ಯಾಕ್ಟೀರಿಯಾ ಕರುಳಿನಲ್ಲಿ ಮಾಡುವುದು ಇದನ್ನೇ.

ಈ. ಕೋಲೈಗಳೆಲ್ಲವೂ ನಮಗೆ ಶತ್ರುಗಳಲ್ಲ. ಅವುಗಳ ನಿರುಪದ್ರವಿ ತಳಿಗಳು ನಮ್ಮ ಕರುಳಿನಲ್ಲಿಯೇ ವಾಸಿಸುತ್ತವೆ. ರೋಗವನ್ನು ತರುವ ಈ ತಳಿಗಾದರೋ ಮೈಮೇಲೆ ಅತಿಸೂಕ್ಷ್ಮ ಸೂಜಿಗಳಿವೆ. ವಿಜ್ಞಾನಿಗಳು ಇದನ್ನು 'ಮೂರನೆಯ ಬಗೆಯ ಸ್ರಾವ ವ್ಯವಸ್ಥೆ' ಎಂದು ಕರೆಯುತ್ತಾರೆ. ಇಪ್ಪತ್ತಕ್ಕೂ ಹೆಚ್ಚು ಬಗೆಯ ಪ್ರೋಟೀನುಗಳು ಕೂಡಿ ಆದ ಯಂತ್ರವಿದು. ಸೂಜಿಯ ಒಳರಂಧ್ರದ ಅಗಲ ಸುಮಾರು 2ರಿಂದ 3 ನ್ಯಾನೊಮೀಟರ್. ಒಂದು ನ್ಯಾನೊಮೀಟರೆಂದರೆ ಮಿಲಿಮೀಟರಿನ ಹತ್ತು ಲಕ್ಷದಲ್ಲೊಂದು ಭಾಗ! ಸುತ್ತಿಕೊಂಡಿರುವ ಪ್ರೋಟೀನು ಇಷ್ಟು ಕಿರಿದಾದ ದಾರಿಯಲ್ಲಿ ತೂರಲಾರದು. ಆದ್ದರಿಂದ ನೂಲಿನುಂಡೆಯನ್ನು ಬಿಚ್ಚಿ ಎಳೆಯಾಗಿ ಪೋಣಿಸುವಂತೆ ಅದನ್ನು ಬಿಚ್ಚಿ ಸಾಗಿಸಲಾಗುತ್ತದೆ. ಸೂಜಿಯ ತುದಿಗೆ ನೀಳವಾದ ನಳಿಗೆಯೊಂದು ಜೋಡಿಸಿಕೊಂಡಿದ್ದು, ಅದರ ಕೊನೆಯ ಪ್ರೋಟೀನುಗಳು ಕರುಳಿನ ಜೀವಕೋಶದ ಪೊರೆಯಲ್ಲಿ ತೂತು ಕೊರೆಯುತ್ತವೆ.

ಹೀಗೆ ಮೊದಲು ಒಳಹೊಗುವ ಪ್ರೋಟೀನೇ 'ಟಿರ್'. ಅದೇ ಆ ಮಣೆ. ಅದು ಜೀವಕೋಶದ ಪೊರೆಯಲ್ಲಿ ನೆಲೆನಿಂತು ಹೊರಕ್ಕೆ ಮುಖ ಚಾಚುತ್ತದೆ. ಬ್ಯಾಕ್ಟೀರಿಯಾದ ಮೈಮೇಲಿರುವ 'ಇಂಟಿಮಿನ್' ಎಂಬ ಮತ್ತೊಂದು ಪ್ರೋಟೀನು ಅದಕ್ಕೆ ಬಿಗಿಯಾಗಿ ಅಂಟಿಕೊಳ್ಳುತ್ತದೆ. ಈ ಮಣೆ ಮನುಷ್ಯನ ಜೀವಕೋಶದ್ದೇ ಎಂದು ವಿಜ್ಞಾನಿಗಳು ಮೊದಲು ಭಾವಿಸಿದ್ದರು. ಅದನ್ನು ತಂದದ್ದು ಬ್ಯಾಕ್ಟೀರಿಯಾವೇ ಎಂಬುದನ್ನು 1997ರಲ್ಲಿ ಕೆನಡಾದ ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾಲಯದ ಬ್ರೆಂಡನ್ ಕೆನ್ನಿ, ಬ್ರೆಟ್ ಫಿನ್ಲೆ ಮತ್ತು ಸಂಗಡಿಗರು ತೋರಿಸಿಕೊಟ್ಟರು.

ಮುಂದಿನ ಕೆಲಸ ಇನ್ನೂ ವಿಚಿತ್ರ. ಜೀವಕೋಶಕ್ಕೆ ಆಕಾರ ಕೊಡುವ 'ಆ್ಯಕ್ಟಿನ್' ಎಳೆಗಳು ಟಿರ್‌ನ ಕೆಳಗೆ ಒಟ್ಟುಗೂಡಿ, ಬ್ಯಾಕ್ಟೀರಿಯಾವನ್ನು ಎತ್ತಿ ಹಿಡಿಯುವ ಪೀಠವಾಗುತ್ತವೆ. ಆಹಾರಸಾರವನ್ನು ಹೀರಬೇಕಾದ ನವುರಾದ ಚಾಚಿಕೆಗಳು ಆ ಜಾಗದಲ್ಲಿ ಅಳಿದುಹೋಗುತ್ತವೆ. ಹೀರುವಿಕೆ ಕುಂದುತ್ತದೆ, ಮಗುವಿಗೆ ಭೇದಿ ಹತ್ತುತ್ತದೆ.

ಇಂಥ ಭೇದಿಯಲ್ಲಿ ಪ್ರಾಣಕ್ಕೆ ಎರವಾಗುವುದು ಮುಖ್ಯವಾಗಿ ದೇಹದ ನೀರು ಮತ್ತು ಲವಣಗಳ ನಷ್ಟ. ಆದುದರಿಂದ ಓ.ಆರ್.ಎಸ್. ದ್ರಾವಣವನ್ನು ಚಮಚೆಯಿಂದ ಮೇಲಿಂದ ಮೇಲೆ ಕುಡಿಸಬೇಕು. ಭೇದಿಯಾಗುತ್ತಿದೆಯೆಂದು ಎದೆಹಾಲನ್ನು ನಿಲ್ಲಿಸುವ ತಾಯಂದಿರು ಇಂದಿಗೂ ಇದ್ದಾರೆ, ಇದು ತಪ್ಪು. ತಾಯಿಯ ಹಾಲಿನಲ್ಲಿರುವ 'ಲ್ಯಾಕ್ಟೊಫೆರಿನ್' ಎಂಬ ಪ್ರೋಟೀನು ಮೇಲೆ ಹೇಳಿದ ನಳಿಗೆಯ ಮತ್ತು ತೂತು ಕೊರೆಯುವ ಪ್ರೋಟೀನುಗಳನ್ನೇ ಕೆಡಿಸುತ್ತದೆಂದು 2003ರಲ್ಲಿ ಪ್ರಕಟವಾದ ಪ್ರಯೋಗಾಲಯದ ಅಧ್ಯಯನವೊಂದು ತಿಳಿಸಿತು. ಮಗು ಮಂಕಾದರೆ, ಕಣ್ಣು ಗುಳಿಬಿದ್ದರೆ, ಮೂತ್ರ ಕಡಿಮೆಯಾದರೆ ಅಥವಾ ಮಲದಲ್ಲಿ ರಕ್ತ ಕಂಡರೆ ತಡಮಾಡದೆ ವೈದ್ಯರಲ್ಲಿಗೆ ಒಯ್ಯಬೇಕು. ಅವರ ಸಲಹೆಯಿಲ್ಲದೆ ಆ್ಯಂಟಿಬಯೋಟಿಕ್ ಕೊಡಬಾರದು.

ಈ ಅತಿಥಿ ಮನೆ ಸೇರುವುದು ಮಲಿನವಾದ ಕೈ, ನೀರು ಮತ್ತು ಹಾಲಿನ ಬಾಟಲಿಗಳ ಮೂಲಕ. ಅವನು ಮಣೆ ಹಾಕಿಕೊಂಡ ಮೇಲೆ ಎಬ್ಬಿಸುವುದು ಕಷ್ಟ. ಶೌಚದ ನಂತರ, ಮಗುವಿನ ಮಲ ತೊಳೆದ ನಂತರ ಹಾಗೂ ಉಣಿಸುವ ಮುನ್ನ ಸಾಬೂನಿನಿಂದ ಕೈ ತೊಳೆದರೆ ಅವನನ್ನು ಹೊಸ್ತಿಲಲ್ಲೇ ತಡೆದಂತೆ.