ಅರಿತದ್ದು ಆಚಾರವಾಗಲಿ

ಲಿಂಗಧಾರಿಯಾದ ಭಕ್ತನಿಗೆ ಶರೀರವು ಬರಿಯ ಎಲುಬು ಮಾಂಸಗಳ ತಡಿಕೆಯಲ್ಲ. ಇಷ್ಟಲಿಂಗವು ನೆಲೆಗೊಂಡಿರುವ ತಾಣ ಅದು. ಆ ತಾಣವನ್ನು ಶುಚಿಯಾಗಿ, ಸದೃಢವಾಗಿ ಇರಿಸಿಕೊಳ್ಳುವುದೂ ಪೂಜೆಯ ಒಂದು ಅಂಗವೇ ಆಗಿದೆ. ಆದಕಾರಣವೇ ನಮ್ಮ ಪರಂಪರೆಯಲ್ಲಿ ಅರಿವಿನ ಮಾತು ಬಂದಲ್ಲೆಲ್ಲ ಅದರ ಬೆನ್ನಿಗೆ ಆಚಾರದ ಮಾತೂ ಬರುತ್ತದೆ. ಅರಿವು ಬಾಯಲ್ಲಿದ್ದು ಆಚಾರ ಕೈಯಲ್ಲಿಲ್ಲದವರನ್ನು ಕಂಡರೆ ನಮ್ಮ ಹಳ್ಳಿಯ ತಾಯಂದಿರು, ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ ಎಂದು ನಗುತ್ತಾರೆ. ಶಾಸ್ತ್ರಗ್ರಂಥಗಳು ಹತ್ತಾರು ಪುಟಗಳಲ್ಲಿ ವಿಸ್ತರಿಸಿದ್ದನ್ನು ಅವರು ಒಂದೇ ಮಾತಿನಲ್ಲಿ ಮುಗಿಸಿಬಿಡುತ್ತಾರೆ.

ಈ ಸೀಮೆಯನ್ನಾಳಿದ ಕೆಳದಿಯ ಅರಸರು ಈ ಸಂಬಂಧವನ್ನು ಚೆನ್ನಾಗಿ ಬಲ್ಲವರಾಗಿದ್ದರು. ಚೆನ್ನಮ್ಮಾಜಿಯ ದತ್ತುಪುತ್ರ ಬಸವಪ್ಪನಾಯಕನು 1709ರ ಸುಮಾರಿಗೆ ಸಂಸ್ಕೃತದಲ್ಲಿ ರಚಿಸಿದ ಶಿವತತ್ತ್ವರತ್ನಾಕರವೇ ಇದಕ್ಕೆ ಸಾಕ್ಷಿ. ಶಿವತತ್ತ್ವವನ್ನು ಹೇಳಹೊರಟ ಆ ಮಹಾಗ್ರಂಥದಲ್ಲಿ ರಾಜನೀತಿಯಿದೆ, ವೈದ್ಯವಿದೆ, ಅಡುಗೆಯ ಕ್ರಮವೂ ಇದೆ. ಇಂದು ಹೊಸನಗರ ತಾಲ್ಲೂಕಿನ ನಗರ ಎಂದು ಕರೆಯಿಸಿಕೊಳ್ಳುವ ಬಿದನೂರಿನಲ್ಲಿ ಕುಳಿತು ಆಳಿದ ಆ ದೊರೆಗೆ ಊಟೋಪಚಾರದ ಮಾತು ಶಿವನ ಮಾತಿಗೆ ಹೊರತಾಗಿ ಕಾಣಲಿಲ್ಲ.

ವಿದ್ಯೆಯ ವಿಷಯಕ್ಕೆ ಬರೋಣ. ಒಂದು ಕಾಲದಲ್ಲಿ ಕುಪ್ಪಳಿಯ ಹುಡುಗ ಪುಟ್ಟಪ್ಪನಿಗೆ ಮೊದಲ ಅಕ್ಷರ ಕಲಿಸಲು ದಕ್ಷಿಣ ಕನ್ನಡದಿಂದ ಐಗಳನ್ನು ಮನೆಗೇ ಕರೆಸಬೇಕಾಯಿತು. ಅಲ್ಲಿಂದ ಮುಂದಿನ ಓದಿಗೆ ತೀರ್ಥಹಳ್ಳಿ, ಅದರ ಮುಂದಿನ ಓದಿಗೆ ದೂರದ ಮೈಸೂರು. ಆ ಹುಡುಗನೇ ಕುವೆಂಪು ಆಗಿ, 1956ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಕುಲಪತಿಯಾದದ್ದು ನಾಡಿಗೆಲ್ಲ ತಿಳಿದ ಸಂಗತಿ. ಇಂದು ಮಲೆನಾಡಿನ ಮಗುವಿಗೆ ಅಷ್ಟು ಅಲೆದಾಟವಿಲ್ಲ. 2011ರ ಜನಗಣತಿಯ ವೇಳೆಗೇ ಶಿವಮೊಗ್ಗ ಜಿಲ್ಲೆಯ ಸಾಕ್ಷರತೆ ಶೇಕಡ 80ನ್ನು ದಾಟಿತ್ತು. ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆಯ ಮಕ್ಕಳು ಇಂಜಿನಿಯರುಗಳಾಗಿ, ವೈದ್ಯರಾಗಿ ದೇಶ ವಿದೇಶಗಳಲ್ಲಿ ಹೆಸರು ಮಾಡಿದ್ದಾರೆ. ನಮಗೆ ಇದು ಸಂತೋಷದ ವಿಷಯ. ಆದರೆ ಊರಿನಲ್ಲಿಯೇ ಉಳಿದು ತೋಟ ಗದ್ದೆ ನೋಡಿಕೊಳ್ಳುವವರೂ ಓದಿದವರೇ ಅಲ್ಲವೆ? ಆ ಓದು ಅವರ ದಿನನಿತ್ಯದ ಬಾಳಿಗೆ ಎಷ್ಟು ಇಳಿದಿದೆ ಎಂಬ ಪ್ರಶ್ನೆ ಮಾತ್ರ ನಮ್ಮನ್ನು ಬಿಡದೆ ಕಾಡುತ್ತದೆ.

ತೀರ್ಥಹಳ್ಳಿಯಿಂದ ಆಗುಂಬೆಗೆ ಹೋಗುವ ದಾರಿಯಲ್ಲಿರುವ ಮೇಗರವಳ್ಳಿ ಕಡೆಯ ಭಕ್ತರೊಬ್ಬರು ಪಾದಪೂಜೆ ಮುಗಿದ ಮೇಲೆ ನಮ್ಮೊಡನೆ ಸಂಕಟ ತೋಡಿಕೊಂಡರು. "ಬುದ್ಧೀ, ನನಗೆ ಓದಲಿಕ್ಕೆ ಬರುವುದಿಲ್ಲ. ಆಸ್ಪತ್ರೆಯವರು ಕೊಟ್ಟ ಎಣ್ಣೆ ಹಚ್ಚಿಕೊಂಡೇ ಸೊಪ್ಪಿಗೆ ಹೋಗುತ್ತೇನೆ. ಮಗ ಡಿಗ್ರಿ ಮಾಡಿದವನು. ಅದು ವಾಸನೆ, ಅಂಟು ಅಂತ ಹೇಳಿ ಬರೀ ಮೈಯಲ್ಲಿ ಹೋಗುತ್ತಾನೆ. ನೀವಾದರೂ ಒಂದು ಮಾತು ಹೇಳಿ." ಪಕ್ಕದಲ್ಲಿಯೇ ನಿಂತಿದ್ದ ಮಗ ತಲೆ ತಗ್ಗಿಸಿದ. ಉಣುಗು ಕಚ್ಚಿದರೆ ಏನಾಗುತ್ತದೆಂದು ನಾವು ಅವನನ್ನೇ ಕೇಳಿದೆವು. ರೋಗದ ಹೆಸರು, ಅದು ಹರಡುವ ಬಗೆ, ಲಕ್ಷಣ, ಎಲ್ಲವನ್ನೂ ಪಾಠ ಒಪ್ಪಿಸಿದಂತೆ ಒಪ್ಪಿಸಿದ. ತಂದೆಗೆ ಅಷ್ಟೊಂದು ಗೊತ್ತಿರಲಿಲ್ಲ. ಆದರೆ ಆ ಮನೆಯಲ್ಲಿ ವಿದ್ಯಾವಂತರು ಯಾರೆಂದು ನಮ್ಮನ್ನು ಕೇಳಿದರೆ ನಾವು ತಂದೆಯ ಕಡೆಗೇ ಬೆರಳು ತೋರಿಸುತ್ತೇವೆ.

ಮಂಗನ ಕಾಯಿಲೆ ನಮ್ಮ ಜಿಲ್ಲೆಗೆ ಹೊಸದಲ್ಲ. ಅದಕ್ಕೆ ಹೆಸರು ಸಿಕ್ಕಿದ್ದೇ ಇಲ್ಲಿಯ ನೆಲದಿಂದ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಲುಸಾಲಾಗಿ ಸತ್ತವು. ಸುತ್ತಲ ಹಳ್ಳಿಗಳ ಜನ ಜ್ವರ ಹಿಡಿದು ಮಲಗಿದರು. ಪುಣೆಯಿಂದ ಬಂದ ವಿಜ್ಞಾನಿಗಳು ಹುಡುಕಿ ಹುಡುಕಿ ಅದರ ಮೂಲ ಒಂದು ವೈರಸ್ಸೆಂದೂ, ಅದನ್ನು ಹೊತ್ತು ತರುವುದು ಕಾಡಿನ ಉಣುಗೆಂದೂ ಕಂಡುಹಿಡಿದರು. ಪ್ರಪಂಚದ ವೈದ್ಯಗ್ರಂಥಗಳಲ್ಲಿ ಕ್ಯಾಸನೂರಿನ ಹೆಸರು ಅಚ್ಚಾದದ್ದು ಹೀಗೆ. ಇಂಥ ಕೀರ್ತಿ ಯಾವ ಊರಿಗೂ ಬೇಡ.

ಉಣುಗಿನ ಮರಿ ಎಳ್ಳಿನಷ್ಟು ಸಣ್ಣದು. ಕಚ್ಚಿದ್ದು ಎಷ್ಟೋ ಸಲ ತಿಳಿಯುವುದೂ ಇಲ್ಲ. ಮಳೆಗಾಲ ಕಳೆದು ತರಗೆಲೆ ಒಣಗಿದ ಮೇಲೆ, ಡಿಸೆಂಬರಿನಿಂದ ಮೇ ತಿಂಗಳವರೆಗೆ ಅದರ ಕಾಟ. ಮಂಗನೋ ಮುಸಿಯವೋ ಸತ್ತು ಬಿದ್ದಲ್ಲಿ ಅದರ ಮೈಮೇಲಿನ ಉಣುಗುಗಳೆಲ್ಲ ನೆಲಕ್ಕಿಳಿದು ಆ ಜಾಗವೇ ವಿಷವಾಗುತ್ತದೆ. ನಮ್ಮ ಜನ ದರಗು ಗುಡಿಸಲು, ಸೌದೆ ತರಲು, ಸೊಪ್ಪಿನಬೆಟ್ಟಕ್ಕೆ ಹೋಗಲು ಹೊರಡುವುದೂ ಅದೇ ತಿಂಗಳುಗಳಲ್ಲಿ. ಒಮ್ಮೆಗೇ ಏರುವ ಜ್ವರ, ತಲೆನೋವು, ಮೈಕೈ ನುಲಿತ, ಕೆಲವರಿಗೆ ರಕ್ತಸ್ರಾವ. ಈ ವೈರಸ್ಸನ್ನೇ ಕೊಲ್ಲುವ ಔಷಧ ಇನ್ನೂ ಬಂದಿಲ್ಲ. ಬೇಗ ಆಸ್ಪತ್ರೆ ಸೇರಿದವರನ್ನು ಆರೈಕೆಯಿಂದ ಉಳಿಸಿಕೊಳ್ಳುತ್ತಾರೆ. ಹಾಗಿದ್ದೂ ನೂರಕ್ಕೆ ಮೂರರಿಂದ ಐದು ಮಂದಿಯಾದರೂ ತೀರಿಕೊಳ್ಳುತ್ತಾರೆಂದು ವೈದ್ಯರು ಹೇಳುತ್ತಾರೆ. ಒಬ್ಬರಿಂದ ಒಬ್ಬರಿಗೆ ಇದು ಅಂಟುವುದಿಲ್ಲ. ಆದುದರಿಂದ ರೋಗಿಯನ್ನು ದೂರವಿಡುವುದು ಅಜ್ಞಾನ ಮಾತ್ರವಲ್ಲ, ಪಾಪವೂ ಹೌದು.

ಸಾಗರ ತಾಲ್ಲೂಕಿನ ಅರಳಗೋಡು ಭಾಗದಲ್ಲಿ 2018ರ ಕೊನೆ ಮತ್ತು 2019ರ ಆರಂಭದಲ್ಲಿ ಆದ ಸಾವುನೋವನ್ನು ನೆನೆದರೆ ಈಗಲೂ ಮನಸ್ಸು ಮುದುಡುತ್ತದೆ. ಶರಾವತಿಯ ಮುಳುಗಡೆಯಿಂದ ಒಮ್ಮೆ ನೊಂದ ಸೀಮೆ ಅದು. ಕರೂರು, ಭಾರಂಗಿ ಕಡೆಯವರಿಗೆ ಆಸ್ಪತ್ರೆಯೆಂಬುದು ಹಿನ್ನೀರಿನಾಚೆಯ ಮಾತಾಗಿತ್ತು. 2024ರಲ್ಲಿಯೂ ಶಿವಮೊಗ್ಗ, ಉತ್ತರ ಕನ್ನಡ, ಚಿಕ್ಕಮಗಳೂರು ಜಿಲ್ಲೆಗಳಲ್ಲಿ ಕಾಯಿಲೆ ಮರಳಿ ಕಾಣಿಸಿಕೊಂಡು ಜೀವ ತೆಗೆದುಕೊಂಡಿತು.

ಹಾಗಾದರೆ ಎಲ್ಲ ಹೊಣೆಯನ್ನೂ ಬಡ ರೈತನ ತಲೆಗೆ ಕಟ್ಟಬೇಕೆ? ಹಾಗೆ ಹೇಳುವುದು ಧರ್ಮವಾಗದು. ಹಲವು ವರ್ಷ ಬಳಕೆಯಲ್ಲಿದ್ದ ಲಸಿಕೆ ಸಾಕಷ್ಟು ರಕ್ಷಣೆ ಕೊಡುತ್ತಿಲ್ಲವೆಂದು 2022ರಲ್ಲಿ ನಿಲ್ಲಿಸಲಾಯಿತು. ಹೊಸ ಲಸಿಕೆಯ ಪ್ರಯತ್ನ ನಡೆದಿದೆ. ರೋಗ ಪತ್ತೆಯಾಗಿ ಅರ್ಧ ಶತಮಾನಕ್ಕೂ ಮೀರಿದ ಮೇಲೆ ಮಲೆನಾಡಿನವರ ಕೈಗೆ ಒಂದು ಒಳ್ಳೆಯ ಲಸಿಕೆ ಇಲ್ಲವೆಂದರೆ ಅದಕ್ಕೆ ಉತ್ತರ ಹೇಳಬೇಕಾದವರು ಆಳುವವರು. ಈ ಕಾಯಿಲೆ ಮಹಾನಗರಗಳ ಬೀದಿಗಳಲ್ಲಿ ಕಾಣಿಸಿದ್ದರೆ ಇಷ್ಟು ವರ್ಷ ಹಿಡಿಯುತ್ತಿತ್ತೆ ಎಂದು ಭಕ್ತರು ಕೇಳುವುದುಂಟು. ಅವರ ಕೇಳ್ವಿಯಲ್ಲಿ ನ್ಯಾಯವಿದೆ. ಆದರೆ ಸರ್ಕಾರದ ತಪ್ಪು ನಮ್ಮ ಕಾಲಿಗೆ ಹತ್ತಿದ ಉಣುಗನ್ನು ತೆಗೆಯುವುದಿಲ್ಲ. ಲಸಿಕೆ ಬರುವ ತನಕ ಇರುವ ದಾರಿ ತೈಲ, ಮೈತುಂಬ ಬಟ್ಟೆ, ಮನೆಗೆ ಬಂದೊಡನೆ ಬಿಸಿನೀರ ಸ್ನಾನ, ಇಷ್ಟೆ. ಇವುಗಳಲ್ಲಿ ಯಾವುದನ್ನೂ ಬೇರೊಬ್ಬರು ನಮ್ಮ ಪರವಾಗಿ ಮಾಡಲಾರರು.

ಇದು ಮಲೆನಾಡಿನವರಿಗೆ ಬಾರದ ಶಿಸ್ತು ಎಂದು ಮಾತ್ರ ಯಾರೂ ಹೇಳಬಾರದು. ಅಡಿಕೆಯ ಕೊಳೆರೋಗವನ್ನೇ ನೋಡಿ. ಹಿಂದಿನವರು ಮಳೆ ತಾಗದಂತೆ ಒಂದೊಂದು ಕೊನೆಗೂ ಕೊಟ್ಟೆ ಕಟ್ಟುತ್ತಿದ್ದರು. ಕಟ್ಟಿದರೂ ಎಷ್ಟೋ ವರ್ಷ ಫಸಲೆಲ್ಲ ಕೊಳೆತು ಉದುರುತ್ತಿತ್ತು. 1908ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಬಂದ ಕೆನಡಾ ದೇಶದ ಲೆಸ್ಲಿ ಕೋಲ್ಮನ್ ಎಂಬ ವಿಜ್ಞಾನಿ ಈ ರೋಗವನ್ನು ಅಭ್ಯಾಸ ಮಾಡಿ, 1910ರಲ್ಲಿ ತಮ್ಮ ಅಧ್ಯಯನವನ್ನು ಪ್ರಕಟಿಸಿದರು. ಫ್ರಾನ್ಸ್ ದೇಶದ ಬೋರ್ಡೋ ಸೀಮೆಯ ದ್ರಾಕ್ಷಿತೋಟಗಳಲ್ಲಿ ಬಳಕೆಗೆ ಬಂದಿದ್ದ ಮೈಲುತುತ್ತ ಮತ್ತು ಸುಣ್ಣದ ದ್ರಾವಣವನ್ನು ಅಡಿಕೆಯ ಕೊನೆಗೆ ಹೊಡೆಯುವ ಕ್ರಮ ನಮ್ಮಲ್ಲಿಗೆ ಬಂದದ್ದು ಆ ಕಾಲದಲ್ಲಿ.

ಇಂದು ಔಷಧಿ ಹೊಡೆಯುವುದನ್ನು ಯಾರಾದರೂ ಪರದೇಶದ ವಿದ್ಯೆ ಎಂದು ಎಣಿಸುತ್ತಾರೆಯೇ? ಮುಂಗಾರು ಹಿಡಿಯುವ ಮುಂಚೆ ಒಂದು ಸಲ, ಮತ್ತೆ ನಲವತ್ತು ನಲವತ್ತೈದು ದಿನಕ್ಕೆ ಇನ್ನೊಂದು ಸಲ ಹೊಡೆಯದೆ ತೋಟದ ಯಜಮಾನನಿಗೆ ನಿದ್ದೆ ಬಾರದು. ನೂರು ಲೀಟರು ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಹದ ಸರಿಯಾಗಿದೆಯೇ ಎಂದು ಕತ್ತಿಯ ಅಲಗನ್ನು ಅದ್ದಿ ನೋಡುತ್ತಾರೆ. ಅಲಗಿಗೆ ತಾಮ್ರದ ಬಣ್ಣ ಹತ್ತಿದರೆ ಇನ್ನಷ್ಟು ಸುಣ್ಣ ಸೇರಿಸುತ್ತಾರೆ. ಶಾಲೆಯ ಮೆಟ್ಟಿಲು ಹತ್ತದವರೂ ಇದನ್ನು ಬಲ್ಲರು. ರೋಗ ಬಂದ ಮೇಲೆ ನೋಡೋಣವೆಂದು ಕೂರುವವನನ್ನು ಊರವರು ಮೈಗಳ್ಳನೆನ್ನುತ್ತಾರೆ. ವಿದ್ಯೆ ಶಾಶ್ವತವಾಗುವುದೆಂದರೆ ಇದೇ ಎಂದು ನಾವು ತಿಳಿದಿದ್ದೇವೆ. ಕಲಿಸಿದವರ ಹೆಸರು ಮರೆತುಹೋಗಿದೆ, ಕಲಿತದ್ದು ಕೈಯಲ್ಲಿ ಉಳಿದಿದೆ. ಅಡಿಕೆಯ ಕೊನೆಗೆ ತಪ್ಪದೆ ಸಿಗುವ ಈ ಆರೈಕೆ ಅದನ್ನು ಬೆಳೆದವನ ಮೈಗೆ ಮಾತ್ರ ಯಾಕೆ ಸಿಗುವುದಿಲ್ಲ? ಕೊನೆ ಕೊಳೆತರೆ ನಷ್ಟದ ಲೆಕ್ಕ ರೂಪಾಯಿಯಲ್ಲಿ ಕಾಣುತ್ತದೆ. ಶರೀರದ ಲೆಕ್ಕ ಆಸ್ಪತ್ರೆಯ ಬಿಲ್ಲು ಬರುವ ತನಕ ಕಾಣುವುದಿಲ್ಲ. ಕಾರಣ ಇಷ್ಟೇ ಇರಬಹುದು.

ಅಡಿಕೆಯ ಮಾತು ಬಂದದ್ದರಿಂದ ಇನ್ನೊಂದನ್ನೂ ಹೇಳಬೇಕಾಗಿದೆ. ಅಡಿಕೆಯಿಂದ ಬದುಕುವ ಸೀಮೆಯಲ್ಲಿ ಕುಳಿತು ಇದನ್ನು ಹೇಳುವುದು ಸುಲಭವಲ್ಲ. ವಿಶ್ವ ಆರೋಗ್ಯ ಸಂಸ್ಥೆಗೆ ಸೇರಿದ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ಅಡಿಕೆಯನ್ನು ಮನುಷ್ಯರಿಗೆ ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಗೆ ಸೇರಿಸಿತು. ಬೆಳೆಗಾರರಿಗೆ ಇದರಿಂದ ನೋವಾಗಿದೆ. ಶುಭಕಾರ್ಯದ ಫಲತಾಂಬೂಲಕ್ಕೂ ದಿನವಿಡೀ ದವಡೆಯಲ್ಲಿಟ್ಟುಕೊಳ್ಳುವ ಪೊಟ್ಟಣಕ್ಕೂ ವ್ಯತ್ಯಾಸವಿಲ್ಲವೆ ಎಂದು ಅವರು ಕೇಳುತ್ತಾರೆ. ವ್ಯತ್ಯಾಸವಿದೆಯೆಂದು ನಮ್ಮ ಮನಸ್ಸೂ ಹೇಳುತ್ತದೆ. ಆದರೆ ಎಷ್ಟು ಜಗಿದರೆ ಅಪಾಯವಿಲ್ಲವೆಂದು ಗೆರೆ ಎಳೆದು ಕೊಡಲು ವೈದ್ಯರು ಒಪ್ಪುವುದಿಲ್ಲ. ಬಾಯಿಯ ಒಳಚರ್ಮ ಬಿರುಸಾಗಿ, ತುತ್ತು ಅನ್ನ ಇಡಲೂ ಬಾಯಿ ತೆರೆಯಲಾಗದ ಯುವಕರನ್ನು ಅವರು ದಿನವೂ ಕಾಣುತ್ತಾರೆ. ನಮ್ಮ ರಾಜ್ಯದಲ್ಲಿ 2013ರಲ್ಲಿಯೇ ಗುಟ್ಕಾ ನಿಷೇಧವಾಯಿತು. ಅಂಗಡಿಯವನು ಪಾನ್‌ಮಸಾಲೆಯನ್ನು ಒಂದು ಪೊಟ್ಟಣದಲ್ಲಿ, ತಂಬಾಕನ್ನು ಇನ್ನೊಂದರಲ್ಲಿ ಕೊಟ್ಟ. ಎರಡನ್ನೂ ಬೆರೆಸಿ ಬಾಯಿಗೆ ಹಾಕಿಕೊಂಡದ್ದು ಯಾರ ಕೈ? ಕಾನೂನು ಅಂಗಡಿಯ ಬಾಗಿಲಿನವರೆಗೆ ಬರಬಲ್ಲದು, ಬಾಯಿಯ ಬಾಗಿಲಿಗೆ ಕಾವಲುಗಾರರು ನಾವೇ.

ಹೊಣೆಯರಿತು ಬಾಳುವುದನ್ನು ಪುಸ್ತಕದಿಂದ ಕಲಿಸಲು ಬರುವುದಿಲ್ಲ. ಮಠಗಳ ಪ್ರಸಾದನಿಲಯಗಳಲ್ಲಿ ಹಿಂದಿನಿಂದ ನಡೆದುಬಂದ ಒಂದು ಪದ್ಧತಿಯಿದೆ. ಯಾರ ಮಗನೇ ಆಗಲಿ, ಉಂಡ ತಟ್ಟೆಯನ್ನು ತಾನೇ ತೊಳೆದಿಡಬೇಕು, ಮಲಗಿದ ಚಾಪೆಯನ್ನು ತಾನೇ ಸುತ್ತಿಡಬೇಕು. ತುಮಕೂರಿನ ಸಿದ್ಧಗಂಗೆಯಲ್ಲಿ ಲಿಂಗೈಕ್ಯ ಶಿವಕುಮಾರ ಮಹಾಸ್ವಾಮಿಗಳು ಸಾವಿರಾರು ಮಕ್ಕಳನ್ನು ಹೀಗೆ ಬೆಳೆಸಿದರು. 1907ರಲ್ಲಿ ಜನಿಸಿ 2019ರ ಜನವರಿಯಲ್ಲಿ ಲಿಂಗೈಕ್ಯರಾದ ಅವರ 111 ವರ್ಷಗಳ ಆಯುಷ್ಯವನ್ನು ಜನ ಪವಾಡವೆಂದು ಹೇಳುತ್ತಾರೆ. ಮಿತವಾದ ಆಹಾರ, ಬ್ರಾಹ್ಮೀಮುಹೂರ್ತದ ಪೂಜೆ, ಬಿಡುವಿಲ್ಲದ ಕಾಯಕ, ಇವು ಪವಾಡಕ್ಕೆ ಎಷ್ಟು ಕಾರಣವೆಂದು ಕೇಳುವವರು ಕಡಿಮೆ. ಎಲ್ಲರಿಗೂ ಅಷ್ಟು ಆಯುಷ್ಯ ಬರುವುದಿಲ್ಲ, ಶಿವನಿಚ್ಛೆ ಬೇರೆಯೇ ಇರುತ್ತದೆ. ಇದ್ದಷ್ಟು ದಿನ ಬೇರೆಯವರಿಗೆ ಹೊರೆಯಾಗದಂತೆ ಇರುವ ಯತ್ನವಾದರೂ ನಮ್ಮ ಕೈಯಲ್ಲಿದೆ. ಈಗಿನ ಮನೆಗಳಲ್ಲಿ ಮಗ ಕುಡಿದ ಲೋಟವನ್ನು ತಾಯಿ ಎತ್ತಿಡುತ್ತಾಳೆ, ಅವನ ನೂರಕ್ಕೆ ತೊಂಬತ್ತೈದು ಅಂಕಗಳನ್ನು ತಂದೆ ಊರಿಗೆಲ್ಲ ಹೇಳುತ್ತಾನೆ. ತಾಯಂದಿರು ಬೇಸರಿಸಬಾರದು, ಆ ಲೋಟ ಅಲ್ಲಿಯೇ ಇರಲಿ.

ಮೇಗರವಳ್ಳಿಯ ಆ ಯುವಕನಿಗೆ ನಾವು ಉಪದೇಶವನ್ನೇನೂ ಮಾಡಲಿಲ್ಲ. ಊರಿನ ಶಾಲೆಯ ಮಕ್ಕಳಿಗೆ ಉಣುಗಿನ ವಿಷಯವನ್ನು ತಿಳಿಸುವ ಕೆಲಸ ಒಪ್ಪಿಸಿದೆವು. ನಾಲ್ಕು ಮಕ್ಕಳ ಮುಂದೆ ನಿಂತು ಹೇಳಿದವನು ಮರುದಿನ ಬರೀ ಕಾಲಿನಲ್ಲಿ ಕಾಡಿಗೆ ಹೋದರೆ ಆ ಮಕ್ಕಳೇ ಕೇಳುತ್ತಾರೆ.

ದೀಪಾವಳಿ ಕಳೆದು ಕೊನೆ ಕೊಯ್ಲು, ಅಡಿಕೆ ಸುಲಿಯುವ ಗಡಿಬಿಡಿ ಶುರುವಾದರೆ ಇಂಥ ಮಾತುಗಳಿಗೆ ಯಾರಿಗೂ ಪುರುಸೊತ್ತು ಇರುವುದಿಲ್ಲವೆಂದು ಈಗಲೇ ಹೇಳುತ್ತಿದ್ದೇವೆ. ಆಶಾ ಕಾರ್ಯಕರ್ತೆಯರು ಬಿಸಿಲಿನಲ್ಲಿ ನಡೆದು ಮನೆಮನೆಗೆ ತಂದುಕೊಡುವ ತೈಲದ ಶೀಶೆ ಅಟ್ಟದ ಮೇಲೆ ಧೂಳು ತಿನ್ನದಿರಲಿ. ಕತ್ತಿ ಇಡುವ ಜಾಗದಲ್ಲಿಯೇ ಅದನ್ನೂ ಇಡಿ. ಕತ್ತಿ ಹಿಡಿಯುವಾಗ ಕಣ್ಣಿಗೆ ಬೀಳುತ್ತದೆ. ತೋಟದಲ್ಲಿಯೋ ಬೆಟ್ಟದಲ್ಲಿಯೋ ಸತ್ತ ಮಂಗ ಕಂಡರೆ ಮುಟ್ಟದೆ, ಹತ್ತಿರಕ್ಕೂ ಹೋಗದೆ, ಅಂದೇ ಆರೋಗ್ಯ ಕೇಂದ್ರಕ್ಕೋ ಪಂಚಾಯಿತಿಗೋ ತಿಳಿಸಿ. ಕಾಡಿಗೆ ಹೋಗಿಬಂದವರಿಗೆ ಜ್ವರ ಬಂದರೆ ಮಾತ್ರೆ ನುಂಗಿ ಮೂರು ದಿನ ಕಾಯುವುದು ಬೇಡ. ಕಾಡಿಗೆ ಹೋಗಿದ್ದೆ ಎಂಬ ಮಾತನ್ನು ವೈದ್ಯರಿಗೆ ಎಲ್ಲಕ್ಕಿಂತ ಮೊದಲು ಹೇಳಿ.