ಮೈಗಳ್ಳರೆಂಬ ಅಪವಾದ

ಕನ್ನಡದ ಬೈಗುಳಗಳಲ್ಲಿ ‘ಮೈಗಳ್ಳ’ ಎಂಬುದು ಬಹು ವಿಲಕ್ಷಣವಾದುದು. ಆಡಿದವರು ಅದನ್ನು ಬೈಗುಳವೆಂದೇ ಎಣಿಸುವುದಿಲ್ಲ, ಹಿತವಚನವೆಂದು ತಿಳಿಯುವರು. ಹಣವನ್ನು ಕದ್ದವನಿಗಾದರೂ ವಿಚಾರಣೆಯುಂಟು, ಸಾಕ್ಷಿಗಳುಂಟು, ವಕೀಲನುಂಟು. ತನ್ನ ಮೈಯನ್ನು ತಾನೇ ಕದ್ದು ಬಚ್ಚಿಟ್ಟನೆಂಬ ಆರೋಪಕ್ಕೆ ಗುರಿಯಾದವನಿಗೆ ಇವುಗಳಲ್ಲಿ ಒಂದೂ ಇಲ್ಲ. ಆರೋಪಿಸಿದವರೇ ನ್ಯಾಯಾಧೀಶರು, ಜಗಲಿಯೇ ನ್ಯಾಯಸ್ಥಾನ, ತೀರ್ಪು ಆಜೀವಪರ್ಯಂತ. ಎದೆನೋವೆಂದರೆ ಮಣಿಪಾಲಕ್ಕೆ ಧಾವಿಸುವ ವಿದ್ಯಾವಂತ ಕುಟುಂಬಗಳು ಸಹ, ಮನೆಯವರೊಬ್ಬರು ತಿಂಗಳುಗಟ್ಟಲೆ ಏಳಲಾರದೆ ಮಲಗಿದರೆ, ರೋಗವನ್ನು ಹುಡುಕುವುದಕ್ಕೆ ಮೊದಲು ದೋಷವನ್ನು ಹುಡುಕುವುವು. ಈ ಅಭ್ಯಾಸವು ಬರಿಯ ಅಜ್ಞಾನವಾಗಿ ಉಳಿದಿಲ್ಲ, ಅನ್ಯಾಯವಾಗಿ ಪರಿಣಮಿಸಿದೆ. ಅದನ್ನು ಅನ್ಯಾಯವೆಂದೇ ಕರೆಯತಕ್ಕದ್ದು.

ಕೋಟೇಶ್ವರಕ್ಕೆ ತಾಗಿಕೊಂಡು ಕಡಲ ತಡಿಯಲ್ಲಿ ಚಾಚಿರುವ ಬೀಜಾಡಿಯಂತಹ ಗ್ರಾಮದಲ್ಲಿ ಈ ಮಾತಿನ ಪೆಟ್ಟು ಇನ್ನೂ ಬಲವಾದುದು. ಏತಕ್ಕೆಂದರೆ ಅಲ್ಲಿ ದುಡಿಮೆಯೇ ಮರ್ಯಾದೆ. ಬಲೆಯೆಳೆಯುವವರು, ಗದ್ದೆ ತೋಟಗಳಲ್ಲಿ ಬೆವರು ಸುರಿಸುವವರು, ಬೆಂಗಳೂರು ಮುಂಬಯಿಗಳ ಹೋಟೆಲುಗಳಿಗೆ ಹೋಗಿ ಮುಂಜಾನೆ ನಾಲ್ಕಕ್ಕೇ ಏಳುವುದನ್ನು ಕಲಿತವರು, ಇಂಥವರ ಮನೆಗಳು ಅಲ್ಲಿಯವು. ೧೯೦೨ರಲ್ಲಿ ನೆರೆಯ ಕೋಟದಲ್ಲಿ ಹುಟ್ಟಿದ ಶಿವರಾಮ ಕಾರಂತರು ‘ಮರಳಿ ಮಣ್ಣಿಗೆ’ಯಲ್ಲಿ ಚಿತ್ರಿಸಿದ ಹೆಂಗಸರ ಎಡೆಬಿಡದ ದುಡಿಮೆಯನ್ನು ಓದಿದವರಿಗೆ ಈ ಕಡಲಂಚಿನ ಆದರ್ಶವೆಂಥದೆಂದು ವಿವರಿಸಬೇಕಾಗಿಲ್ಲ. ಆ ಆದರ್ಶವು ಪೂಜ್ಯವೇ ಸರಿ. ಆದರೆ ಪೂಜ್ಯವಾದ ಆದರ್ಶವು ಅಶಕ್ತರನ್ನು ಹೊಡೆಯುವ ಕೋಲಾದಾಗ ಅದನ್ನು ಕೈಯಿಂದ ಕಸಿದುಕೊಳ್ಳುವುದೂ ಧರ್ಮವೇ.

ಇಂಥದೊಂದು ಮನೆಯನ್ನು ವಾಚಕರು ಭಾವಿಸಿಕೊಳ್ಳಲಿ. ಅಲ್ಲಿ ಪದವೀಧರೆಯಾದ ಸೊಸೆಯೊಬ್ಬಳಿದ್ದಾಳೆ. ಎಳವೆಯಿಂದಲೂ ಅವಳ ಮನಸ್ಸು ಒಂದೆಡೆ ನಿಂತುದಲ್ಲ: ಒಲೆಯ ಮೇಲಿಟ್ಟ ಹಾಲು ಉಕ್ಕಿದ ಮೇಲೆಯೇ ಅದರ ನೆನಪು, ಹಿಡಿದ ಕೆಲಸ ಮೂರು, ಮುಗಿದುದು ಅರ್ಧ, ಆದರೆ ಮನಸ್ಸು ಹತ್ತಿದ ಕೆಲಸದಲ್ಲಿ ಹಗಲು ರಾತ್ರಿಗಳ ಪರಿವೆಯಿಲ್ಲ. ಕೆಲವು ವರ್ಷಗಳ ಹಿಂದೆ ಬಂದ ಒಂದು ಜ್ವರವು ಬಿಟ್ಟಿತು; ಜ್ವರದ ದಣಿವು ಬಿಡಲಿಲ್ಲ. ವೃಶ್ಚಿಕ ಮಾಸದಲ್ಲಿ ಕೋಟೇಶ್ವರದ ಕೊಡಿ ಹಬ್ಬ ಬರುವುದು. ಆ ದಿನ ಅವಳಿಗೆ ಮೈ ತುಸು ಹಗುರವೆನಿಸಿತು. ತೇರು ನೋಡಿದಳು, ಕಬ್ಬಿನ ಕೊಡಿಯನ್ನು ಕೊಂಡಳು, ನಕ್ಕಳು, ನಾಲ್ಕು ಜನರೊಡನೆ ಮಾತನಾಡಿದಳು. ಮರುದಿನ ಸಂಜೆಗೆ ಮೈ ಕುಸಿಯಿತು. ಬೆಳಕು ಕಣ್ಣಿಗೆ ಚುಚ್ಚುವುದು. ಆಡಬೇಕೆಂದ ಶಬ್ದ ನಾಲಗೆಗೆ ಸಿಗದು. ನಿಂತರೆ ತಲೆ ಸುತ್ತುವುದು. ಹೀಗೆ ಒಂದು ವಾರ. ಆಗ ಅಡುಗೆಮನೆಯಿಂದ ಕೇಳಿಬರುವ ಮಾತೇನು? “ಹಬ್ಬಕ್ಕೆ ಹೋಪುಕೆ ಆತ್ತ್, ಕೆಲ್ಸ ಮಾಡುಕೆ ಆತಿಲ್ಯಾ?”

ಈ ಪ್ರಶ್ನೆಯು ತರ್ಕಬದ್ಧವೆಂದು ತೋರುವುದು. ಅದರಲ್ಲಿಯೇ ಅದರ ಕ್ರೌರ್ಯವಿದೆ. ಏಕೆಂದರೆ ಹಬ್ಬಕ್ಕೆ ಹೋದುದರಿಂದಲೇ ಕೆಲಸ ಮಾಡಲಾಗುತ್ತಿಲ್ಲ. ಶ್ರಮಪಟ್ಟ ಹನ್ನೆರಡು ಗಂಟೆಗಳಿಗೋ ಎರಡು ದಿನಗಳಿಗೋ ತಡವಾಗಿ ಬಂದು, ಪಟ್ಟ ಶ್ರಮಕ್ಕೆ ಹತ್ತು ಮಡಿ ಬಡ್ಡಿಯನ್ನು ವಸೂಲುಮಾಡುವುದೇ ಈ ವ್ಯಾಧಿಯ ಮುಖ್ಯ ಲಕ್ಷಣ. ವೈದ್ಯರು ಇದನ್ನು ಕ್ರಾನಿಕ್ ಫೆಟೀಗ್ ಸಿಂಡ್ರೋಮ್ ಎಂದು ಕರೆಯುವರು; ‘ದೀರ್ಘಾಯಾಸ ವ್ಯಾಧಿ’ ಎಂದು ಕನ್ನಡಿಸಬಹುದು. ೧೯೫೫ರಲ್ಲಿ ಲಂಡನ್ನಿನ ರಾಯಲ್ ಫ್ರೀ ಆಸ್ಪತ್ರೆಯಲ್ಲಿ ದಾದಿಯರೂ ವೈದ್ಯರೂ ಗುಂಪುಗುಂಪಾಗಿ ಹಾಸಿಗೆ ಹಿಡಿದರು. ಮರುವರ್ಷ ‘ಲ್ಯಾನ್ಸೆಟ್’ ಪತ್ರಿಕೆಯು ಆ ಬೇನೆಗೆ ಮಯಾಲ್ಜಿಕ್ ಎನ್‌ಸೆಫಲೋಮಯಲೈಟಿಸ್ ಎಂಬ ಹೆಸರನ್ನು ಸೂಚಿಸಿತು. ೧೯೬೯ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಅದನ್ನು ನರವ್ಯೂಹದ ರೋಗಗಳ ಪಟ್ಟಿಯಲ್ಲಿ ಸೇರಿಸಿತು. ಇಷ್ಟಾಗಿಯೂ ೧೯೭೦ರಲ್ಲಿ ಇಬ್ಬರು ಮನೋವೈದ್ಯರು, ರೋಗಿಗಳೊಬ್ಬರನ್ನೂ ಕಾಣದೆ ಹಳೆಯ ಕಡತಗಳನ್ನು ತಿರುವಿ, ಅದು ಸಾಮೂಹಿಕ ಉನ್ಮಾದವೆಂದು ಬರೆದರು. ಬಿದ್ದವರಲ್ಲಿ ಹೆಂಗಸರೇ ಹೆಚ್ಚೆಂಬುದು ಅವರ ವಾದಗಳಲ್ಲೊಂದು! ಬೀಜಾಡಿಯ ಅಡುಗೆಮನೆಯ ತೀರ್ಪಿಗೂ ಈ ಪಂಡಿತರ ತೀರ್ಪಿಗೂ ಇರುವ ಭೇದ ಭಾಷೆಯದು ಮಾತ್ರ.

ಈಗಿನ ಮಾತು ಬೇರೆ. ೨೦೧೫ರಲ್ಲಿ ಅಮೆರಿಕದ ವೈದ್ಯಕೀಯ ಸಂಸ್ಥಾನವು ಸಾವಿರಾರು ಲೇಖನಗಳನ್ನು ಪರಿಶೀಲಿಸಿ, ಇದು ಗಂಭೀರವಾದ ದೇಹವ್ಯಾಧಿಯೆಂದು ಸಾರಿತು. ಆರು ತಿಂಗಳಿಗೆ ಮೀರಿದ, ವಿಶ್ರಾಂತಿಯಿಂದ ಶಮನವಾಗದ ಬಳಲಿಕೆ; ಶ್ರಮಾನಂತರದ ಕುಸಿತ; ಮಲಗೆದ್ದರೂ ಮೈ ತಿಳಿಯಾಗದ ನಿದ್ರೆ; ಇವುಗಳ ಜೊತೆಗೆ ಬುದ್ಧಿಯ ಮಂಕು ಅಥವಾ ನಿಂತರೆ ಸಹಿಸಲಾಗದ ಬಾಧೆ: ಇವೇ ಅದು ಹೇಳಿದ ಲಕ್ಷಣಗಳು. ಆ ದೇಶವೊಂದರಲ್ಲಿಯೇ ೮,೩೬,೦೦೦ದಿಂದ ೨೫ ಲಕ್ಷ ಜನರಿಗೆ ಈ ವ್ಯಾಧಿಯಿರಬಹುದೆಂದೂ, ಅವರಲ್ಲಿ ನೂರಕ್ಕೆ ೮೪ರಿಂದ ೯೧ ಮಂದಿಯ ರೋಗವು ಗುರುತಿಸಲ್ಪಟ್ಟಿಲ್ಲವೆಂದೂ ಅದರ ಅಂದಾಜು. ಅಷ್ಟು ಆಸ್ಪತ್ರೆಗಳಿರುವ ನಾಡಿನಲ್ಲಿಯೇ ಹೀಗಿದ್ದರೆ ಬೀಜಾಡಿಯಲ್ಲಿ ಗುರುತಿಸುವವರಾರು?

ಎರಡನೆಯ ಬಾಧೆಯು ಎ.ಡಿ.ಎಚ್.ಡಿ. ಎಂಬ ಅವಧಾನದ ಕೊರತೆ. ಇದೂ ಮೊಬೈಲು ಫೋನಿನ ಕಾಲದಲ್ಲಿ ಹುಟ್ಟಿದ ಶೋಕಿಯಲ್ಲ. ೧೭೯೮ರಲ್ಲಿಯೇ ಅಲೆಕ್ಸಾಂಡರ್ ಕ್ರೈಟನ್ ಎಂಬ ವೈದ್ಯನು ಒಂದೆಡೆ ನಿಲ್ಲಲಾರದ ಮನಸ್ಸಿನ ಈ ಅವಸ್ಥೆಯನ್ನು ವರ್ಣಿಸಿದನು. ೧೯೦೨ರಲ್ಲಿ ಲಂಡನ್ನಿನಲ್ಲಿ ಜಾರ್ಜ್ ಸ್ಟಿಲ್ ಎಂಬ ಮಕ್ಕಳ ವೈದ್ಯನು, ಬುದ್ಧಿಗೆ ಕುಂದಿಲ್ಲದಿದ್ದರೂ ತಮ್ಮನ್ನು ತಾವು ತಡೆದುಕೊಳ್ಳಲಾರದ ಮಕ್ಕಳನ್ನು ಕುರಿತು ಉಪನ್ಯಾಸಗಳನ್ನು ಕೊಟ್ಟನು. ಇದರ ಚಿಹ್ನೆಗಳು ಹನ್ನೆರಡು ವರ್ಷಕ್ಕೆ ಮೊದಲೇ ಕಾಣಿಸಿಕೊಂಡಿರಬೇಕೆಂಬುದು ಇಂದಿನ ನಿಯಮ. ಆದುದರಿಂದ ದಣಿವಿನಿಂದ ಬಂದ ಮಂಕನ್ನು ಇದೆಂದು ಭ್ರಮಿಸಬಾರದು. ಪದವಿಪೂರ್ವ ಪರೀಕ್ಷೆಯ ಫಲಿತಾಂಶದಲ್ಲಿ ಉಡುಪಿ ಜಿಲ್ಲೆಯು ರಾಜ್ಯಕ್ಕೆ ಮೇಲ್ಪಂಕ್ತಿಯೆಂದು ಹಿಗ್ಗುವವರು, ಆ ಪಂಕ್ತಿಯಲ್ಲಿ ಕುಳ್ಳಿರಲಾರದ ಮಗುವಿಗೆ ‘ಉಡಾಫೆ’ ಎಂಬ ಹೆಸರನ್ನಲ್ಲದೆ ಬೇರೆ ಹೆಸರನ್ನು ಹುಡುಕಿದ್ದುಂಟೆ?

ಇವೆರಡೂ ಒಂದೇ ಮೈಯಲ್ಲಿ ಮನೆಮಾಡುವುದು ಅಪೂರ್ವವೆಂದು ಎಣಿಸಬಾರದು. ೨೦೧೨ರಲ್ಲಿ ಸ್ಪೇನಿನ ವೈದ್ಯರು ದೀರ್ಘಾಯಾಸದ ೧೫೮ ರೋಗಿಗಳನ್ನು ಪರೀಕ್ಷಿಸಿದಾಗ, ನೂರಕ್ಕೆ ಸುಮಾರು ೩೦ ಮಂದಿಗೆ ಬಾಲ್ಯದಲ್ಲಿ ಈ ಅವಧಾನದ ಬಾಧೆಯಿದ್ದುದೂ, ಸುಮಾರು ೨೧ ಮಂದಿಗೆ ಅದು ಪ್ರಾಯದಲ್ಲಿಯೂ ಉಳಿದುದೂ ಕಂಡುಬಂದಿತು. ಇಂಥವರ ಕಷ್ಟವು ಎರಡು ಕಷ್ಟಗಳ ಬರಿಯ ಮೊತ್ತವಲ್ಲ. ಒಂದು ಇನ್ನೊಂದರ ಮದ್ದನ್ನು ಕೆಡಿಸುವುದು. ದೀರ್ಘಾಯಾಸಕ್ಕೆ ಇಂದು ಗೊತ್ತಿರುವ ಮುಖ್ಯ ಉಪಾಯವೆಂದರೆ ಶಕ್ತಿಯನ್ನು ಅಳೆದು ಬಳಸುವುದು. ಅಳೆಯುವುದಕ್ಕೆ ಹೊತ್ತಿನ ಎಚ್ಚರ ಬೇಕು, ಮುಂದಾಲೋಚನೆ ಬೇಕು, ಕೆಲಸವು ಸೊಗಸಾಗಿ ಸಾಗುತ್ತಿರುವಾಗಲೇ ನಿಲ್ಲಿಸುವ ಸಂಯಮ ಬೇಕು. ಅವಧಾನದ ಬಾಧೆಯು ಕಸಿದುಕೊಳ್ಳುವುದು ಇವನ್ನೇ. ಬೊಕ್ಕಸವೂ ಬರಿದು, ಲೆಕ್ಕ ಬರೆಯುವ ಶಾನುಭೋಗನೂ ಇಲ್ಲ! ಚಂಚಲಚಿತ್ತಕ್ಕೆ ಆಟವೋಟಗಳು ಹಿತವೆಂದು ಒಬ್ಬ ವೈದ್ಯನು ಹೇಳಿದರೆ, ಅದೇ ಓಟವು ಮೈಯನ್ನು ಕೆಡಹುವುದೆಂದು ಇನ್ನೊಬ್ಬನು ಹೇಳುವನು. ಮೈ ಮಲಗಬಯಸುವಾಗ ಮನಸ್ಸು ಮಲಗಗೊಡದು. ೧೯೩೭ರಲ್ಲಿ ಚಾರ್ಲ್ಸ್ ಬ್ರಾಡ್ಲಿಯು ಅಮೆರಿಕದಲ್ಲಿ ಮಕ್ಕಳಿಗೆ ಕೊಟ್ಟು ನೋಡಿದ ಔಷಧದ ವರ್ಗದವೇ ಇಂದಿಗೂ ಅವಧಾನಕ್ಕೆ ಒದಗುವ ಮದ್ದುಗಳು. ಅವು ಅನೇಕರಿಗೆ ಉಪಕಾರಿಗಳು. ಆದರೆ ದಣಿವನ್ನು ಮರೆಸಿ ನಾಳೆಯ ಶಕ್ತಿಯನ್ನು ಇಂದೇ ಸಾಲ ತೆಗೆಸುವ ಅಪಾಯವೂ ಉಂಟಾದುದರಿಂದ, ಎರಡು ಬಾಧೆಗಳನ್ನೂ ಬಲ್ಲ ವೈದ್ಯನ ಕಣ್ಣಿನ ಮುಂದೆಯೇ ಅವನ್ನು ಕೊಳ್ಳತಕ್ಕದ್ದು.

ಇನ್ನು ಆಕ್ಷೇಪಗಳು. ಹಿಂದಿನವರು ಇಂತಹ ಹೆಸರುಗಳಿಲ್ಲದೆ ಬದುಕಲಿಲ್ಲವೆ ಎಂಬುದು ಮೊದಲನೆಯದು. ಬದುಕಿದವರು ಬದುಕಿದರು, ಮೂಲೆಯ ಕೋಣೆಯಲ್ಲಿ ‘ಸೋಂಕು’, ‘ದೃಷ್ಟಿ’ ಎನಿಸಿಕೊಂಡು ಕರಗಿದವರ ಲೆಕ್ಕವನ್ನು ಯಾರೂ ಇಡಲಿಲ್ಲ. ಲೆಕ್ಕವಿಡಹೊರಟಾಗ ತೋರುವುದೇನು? ಇದೇ ಕರಾವಳಿಯ ಉತ್ತರಕ್ಕಿರುವ ಗೋವೆಯಲ್ಲಿ ೧೮ರಿಂದ ೫೦ ವರ್ಷದ ವರೆಗಿನ ಸ್ತ್ರೀಯರನ್ನು ವಿಚಾರಿಸಿ ೨೦೦೫ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ, ನೂರಕ್ಕೆ ಸುಮಾರು ೧೨ ಮಂದಿ ಆರು ತಿಂಗಳಿಗೆ ಕಡಮೆಯಿಲ್ಲದ ಆಯಾಸವನ್ನು ಹೇಳಿಕೊಂಡರು. ಅವರೆಲ್ಲರದೂ ಈ ವ್ಯಾಧಿಯೇ ಎಂದಲ್ಲ. ಬಡತನ, ದಾಂಪತ್ಯದ ಹಿಂಸೆ, ಮನೋವ್ಯಥೆಗಳು ಆ ಆಯಾಸದೊಡನೆ ಹೆಣೆದುಕೊಂಡಿದ್ದುವು. ಆದರೆ ಸೋಮಾರಿತನವೆಂಬ ಕಾರಣವನ್ನು ಮಾತ್ರ ಯಾವ ಸಂಶೋಧಕನೂ ಕಂಡುಹಿಡಿಯಲಿಲ್ಲ.

ರಕ್ತಪರೀಕ್ಷೆಯಲ್ಲಿ ಏನೂ ಕಾಣಲಿಲ್ಲವೆಂಬುದು ಎರಡನೆಯ ಆಕ್ಷೇಪ. ರಕ್ತಹೀನತೆ, ಥೈರಾಯ್ಡಿನ ಕುಂದು, ಸಕ್ಕರೆ ರೋಗ, ನಿದ್ರಾದೋಷ, ಖಿನ್ನತೆ ಮೊದಲಾದವುಗಳನ್ನು ಮೊದಲು ಪರೀಕ್ಷಿಸಿ ನೋಡಲೇಬೇಕು. ಎಲ್ಲ ದಣಿವಿಗೂ ಈ ಒಂದೇ ಹೆಸರನ್ನಿಡುವುದೂ ಅವಿವೇಕವೇ. ಆದರೆ ಈ ವ್ಯಾಧಿಯನ್ನು ಖಚಿತವಾಗಿ ತೋರಿಸುವ ರಕ್ತಪರೀಕ್ಷೆಯು ಇನ್ನೂ ಬಳಕೆಗೆ ಬಂದಿಲ್ಲ. ಅಳೆಯುವ ಕೋಲು ಇಲ್ಲವೆಂದಮಾತ್ರಕ್ಕೆ ಬಾವಿಗೆ ಆಳವೇ ಇಲ್ಲವೆನ್ನುವರೆ?

ಮೂರನೆಯದು, ಎದ್ದು ನಡೆದಾಡಿದರೆ ಎಲ್ಲವೂ ಸರಿಹೋಗುವುದೆಂಬ ಉಪದೇಶ. ಇದು ಎಲ್ಲಕ್ಕಿಂತ ಅಪಾಯಕರ. ದಿನದಿನಕ್ಕೂ ವ್ಯಾಯಾಮವನ್ನು ಹೆಚ್ಚಿಸುತ್ತ ಹೋಗಬೇಕೆಂದು ೨೦೦೭ರಲ್ಲಿ ವಿಧಿಸಿದ್ದ ಬ್ರಿಟನ್ನಿನ ‘ನೈಸ್’ ಸಂಸ್ಥೆಯೇ, ೨೦೨೧ರ ಅಕ್ಟೋಬರಿನಲ್ಲಿ ಆ ವಿಧಿಯನ್ನು ಹಿಂತೆಗೆದುಕೊಂಡಿತು. ಪಾಶ್ಚಾತ್ಯರ ಮಾತು ರುಚಿಸದವರು ವಾಗ್ಭಟನನ್ನು ಕೇಳಲಿ. ಬಲವಂತರಾದ, ಸ್ನಿಗ್ಧವಾದ ಆಹಾರವನ್ನುಣ್ಣುವ ಜನರಿಗೂ ಛಳಿಗಾಲ ವಸಂತಗಳಲ್ಲಿ ಅರ್ಧಶಕ್ತಿಯಷ್ಟೇ ವ್ಯಾಯಾಮವೆಂದೂ, ಉಳಿದ ಋತುಗಳಲ್ಲಿ ಅದಕ್ಕಿಂತಲೂ ಕಡಮೆಯೆಂದೂ ಅಷ್ಟಾಂಗಹೃದಯದ ಕಟ್ಟಳೆ. ಬಲವಂತನಿಗೇ ಅರ್ಧವೆಂದಮೇಲೆ ಬಲಹೀನನಿಗೆ ಎಷ್ಟೆಂಬುದನ್ನು ಉಪದೇಶಕರೇ ಲೆಕ್ಕಹಾಕಲಿ.

ಕೊನೆಯದು, ರೋಗವೆಂದು ಹೆಸರಿಟ್ಟರೆ ಆಲಸ್ಯಕ್ಕೆ ಪಟ್ಟಕಟ್ಟಿದಂತಾಗುವುದೆಂಬ ಭಯ. ಈ ಭಯವಿರುವವರು ಸುಶ್ರುತಸಂಹಿತೆಯ ಶಾರೀರಸ್ಥಾನವನ್ನು ತೆರೆದು ನೋಡಬೇಕು. ಶ್ರಮವಿಲ್ಲದೆಯೇ ಮೈಯಲ್ಲಿ ಬೆಳೆದು, ಉಸಿರುಗಟ್ಟಿಸದೆ, ಇಂದ್ರಿಯಗಳು ತಮ್ಮ ವಿಷಯಗಳನ್ನು ಗ್ರಹಿಸದಂತೆ ತಡೆಯುವ ದಣಿವಿಗೆ ಅಲ್ಲಿ ‘ಕ್ಲಮ’ವೆಂದು ಹೆಸರು. ಶಕ್ತಿಯಿದ್ದೂ ಸುಖಲೋಲನಾಗಿ ಕೆಲಸದಲ್ಲಿ ಉತ್ಸಾಹಗೆಡುವುದಕ್ಕೆ ‘ಆಲಸ್ಯ’ವೆಂದು ಬೇರೆಯೇ ಹೆಸರು. ಸುಶ್ರುತನ ಕ್ಲಮವೇ ಇಂದಿನ ಈ ವ್ಯಾಧಿಯೆಂದು ಸಾಧಿಸಬೇಕಾಗಿಲ್ಲ. ಅಷ್ಟು ಪ್ರಾಚೀನ ಕಾಲದಲ್ಲಿಯೇ ಶಾಸ್ತ್ರಕಾರನು ಶಕ್ತನನ್ನೂ ಅಶಕ್ತನನ್ನೂ ಬೇರ್ಪಡಿಸಿ ಎರಡು ಶಬ್ದಗಳನ್ನಿಟ್ಟನೆಂಬುದು ಸಾಕು. ಆ ಎರಡನ್ನೂ ಕಲಸಿ ಒಂದೇ ‘ಮೈಗಳ್ಳ’ನನ್ನಾಗಿ ಮಾಡಿದವರು ಇಂದಿನ ಸುಶಿಕ್ಷಿತರು. ಕಾಯಕತತ್ತ್ವವನ್ನು ಎತ್ತಿ ಆಡುವವರಿಗೂ ಇಷ್ಟೇ ಉತ್ತರ: ಆ ದಿನದ ಅಳತೆಗೆ ಮೀರಿದ ಅಕ್ಕಿಯನ್ನು ಗಂಡನ ಕೈಯಿಂದ ಮರಳಿಸಿದ ಆಯ್ದಕ್ಕಿ ಲಕ್ಕಮ್ಮನೂ ಶರಣೆಯೇ. ಅಳತೆಯನ್ನು ಬಿಟ್ಟ ಕಾಯಕವನ್ನು ಶರಣರು ಬೋಧಿಸಲಿಲ್ಲ.

ಹಾಗಾದರೆ ಮನೆಯವರು ಮಾಡತಕ್ಕದ್ದೇನು? ಲೆಕ್ಕವಿಡಲಾರದವರಿಗೆ ಮನೆಯೇ ಲೆಕ್ಕವಿಡಬೇಕು. ಹೊತ್ತು ಮುಗಿಯಿತೆಂದು ಮೆಲ್ಲಗೆ ಎಚ್ಚರಿಸುವುದು. ಹಾಲನ್ನು ಒಲೆಯ ಮೇಲಿಟ್ಟವರು ಯಾರೆಂದು ವಿಚಾರಿಸುವ ಬದಲು ಇಳಿಸಿಬಿಡುವುದು. ಚೆನ್ನಾಗಿರುವ ದಿನವೇ ಕುಳ್ಳಿರಿಸುವುದು. ಹಬ್ಬದ ಹಿಂದಿನ ಎರಡು ದಿನ, ಮುಂದಿನ ಮೂರು ದಿನಗಳನ್ನು ಬರಿದಾಗಿ ಬಿಡುವುದು. ಶಾಲೆ ಕಾಲೇಜುಗಳು ಹಾಜರಿಯ ಪುಸ್ತಕದಿಂದಲೇ ಮನುಷ್ಯನನ್ನು ಅಳೆಯುವುದನ್ನು ಬಿಡಬೇಕು. ೨೦೧೬ರ ವಿಕಲಚೇತನರ ಹಕ್ಕುಗಳ ಕಾಯಿದೆಯು ೨೧ ಬಗೆಯ ನ್ಯೂನತೆಗಳನ್ನು ಎಣಿಸಿದೆ. ಆ ಪಟ್ಟಿಯಲ್ಲಿ ಈ ಎರಡರ ಹೆಸರೂ ಇಲ್ಲ. ಶಾಸನವು ಹೆಸರಿಸದವರನ್ನು ಮನೆಯೂ ಹೆಸರುಗೆಡಿಸಿದರೆ ಅವರು ಹೋಗಬೇಕಾದುದೆಲ್ಲಿಗೆ?

ಈ ವಿವೇಕವು ಬೀಜಾಡಿಗೆ ಹೊಸತಲ್ಲ. ಆಸಾಡಿಯ ಮಳೆಯಲ್ಲಿ ಅಕ್ಕಿಮುಡಿಯನ್ನು ಬಿಚ್ಚಿ ಪಾವಿನಿಂದ ಅಳೆದು ಗಂಜಿ ಬೇಯಿಸುತ್ತಿದ್ದ ಹಿರಿಯರನ್ನು ಯಾರೂ ಜಿಪುಣರೆನ್ನಲಿಲ್ಲ. ಮುಂದಿನ ಬೆಳೆಯ ವರೆಗೆ ಮನೆಯನ್ನು ದಾಟಿಸಿದ ಜಾಣರೆಂದರು. ಇಂದಿಗೂ ಜೂನ್ ೧ರಿಂದ ಜುಲೈ ೩೧ರ ವರೆಗೆ ೬೧ ದಿನ ಈ ಕರಾವಳಿಯ ಯಾಂತ್ರಿಕ ದೋಣಿಗಳು ಸರಕಾರದ ಆಜ್ಞೆಯಿಂದ ದಡದಲ್ಲಿ ನಿಲ್ಲುವುವು. ನಿಂತ ದೋಣಿಯನ್ನು ಸೋಮಾರಿಯೆಂದು ಹಳಿಯುವ ಮೊಗವೀರನಿಲ್ಲ. ಕಡಲಿಗೆ ವಿಶ್ರಾಂತಿ ಬೇಕೆಂಬುದನ್ನು ಒಪ್ಪಿದ ಊರಿಗೆ, ಹೆತ್ತ ಮಗಳಿಗೂ ಮನೆಗೆ ಬಂದ ಸೊಸೆಗೂ ವಿಶ್ರಾಂತಿ ಬೇಕೆಂಬುದನ್ನು ಒಪ್ಪುವುದು ಕಷ್ಟವಾಗಬಾರದು. ಮೈಯನ್ನು ಕದ್ದುದು ವ್ಯಾಧಿ. ಕಳಕೊಂಡವರನ್ನೇ ಕಳ್ಳರೆಂದು ಕರೆಯುವ ನ್ಯಾಯಸ್ಥಾನಗಳು ಇನ್ನಾದರೂ ಬಾಗಿಲು ಮುಚ್ಚಲಿ.