ಹೊಲದ ಅಂಚನ್ನಾದರೂ ಬಿಡಿ

ಹಳೆಯ ಒಡಂಬಡಿಕೆಯ ಯಾಜಕಕಾಂಡದಲ್ಲಿ ಒಕ್ಕಲುತನಕ್ಕೆ ಸಂಬಂಧಿಸಿದ ಒಂದು ಕಟ್ಟಳೆಯಿದೆ. ಬೆಳೆ ಕೊಯ್ಯುವಾಗ ಹೊಲದ ಅಂಚಿನವರೆಗೂ ಕುಡುಗೋಲು ಹಾಕಬಾರದು. ಬಿದ್ದ ತೆನೆಗಳನ್ನು ಒಡೆಯನೇ ಆಯ್ದುಕೊಳ್ಳಬಾರದು. ಆ ಹಕ್ಕಲು ಬಡವರಿಗೂ ಪರದೇಶಿಗಳಿಗೂ ಸೇರಿದ್ದು. ಮೋವಾಬಿನಿಂದ ಬಂದ ವಿಧವೆ ರೂತಳು ಬೋವಜನ ಹೊಲದಲ್ಲಿ ಆಯ್ದದ್ದು ಈ ಹಕ್ಕಲನ್ನೇ. ಅದು ಆಕೆಗೆ ದೊರೆತ ಭಿಕ್ಷೆಯಲ್ಲ, ಧರ್ಮಶಾಸ್ತ್ರವೇ ಕೊಟ್ಟ ಹಕ್ಕು. ಹೊಲದ ಅಂಚಿನಲ್ಲಿ ಕಾಲಿಟ್ಟ ಆ ಪರದೇಶಿ ಹೆಣ್ಣುಮಗಳು ಮುಂದೆ ಅರಸ ದಾವೀದನ ಮುತ್ತಜ್ಜಿಯಾದಳು.

ಈ ಕಟ್ಟಳೆಯನ್ನು ಇಂದು ಬೆಂಗಳೂರು, ಪುಣೆಗಳ ಸಾಫ್ಟ್‌ವೇರ್ ಕಂಪನಿಗಳ ಬಾಗಿಲಲ್ಲಿ ನಿಂತು ಗಟ್ಟಿಯಾಗಿ ಓದಬೇಕಾಗಿದೆ. ಅಲ್ಲಿ ಈಗ ಅಂಚಿನವರೆಗೂ ಕೊಯ್ಲು ನಡೆದಿದೆ.

ಗೋಗಟೆ ತಾಂತ್ರಿಕ ಮಹಾವಿದ್ಯಾಲಯ 1979ರಲ್ಲಿ, ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ 1998ರಲ್ಲಿ ಸ್ಥಾಪನೆಯಾದ ಊರು ನಮ್ಮ ಬೆಳಗಾವಿ. ರಾಮತೀರ್ಥ ನಗರದ ಯಾವ ಬೀದಿಗೆ ಹೋದರೂ ಇಂಜಿನಿಯರಿಂಗ್ ಓದಿದ ಮಗನೋ ಮಗಳೋ ಇರುವ ಮನೆ ಸಿಗುತ್ತದೆ. ಖಾನಾಪುರ ತಾಲೂಕಿನ ಹಳ್ಳಿಗಳಿಂದ ದಿನವೂ ಬಸ್ಸು ಹಿಡಿದು ಬಂದು ಓದಿದವರೂ ಇದ್ದಾರೆ. ಇಂಥವರಲ್ಲಿ ಅನೇಕರಿಗೆ ಮೊದಲ ನೌಕರಿಯಾಗಿ ದೊರೆಯುತ್ತಿದ್ದುದು ‘ಆಟೊಮೇಶನ್’ ಎಂಬ ಕೆಲಸ. ತಾಯ್ತಂದೆಯರಿಗೆ ಇದರ ಹೆಸರು ಗೊತ್ತು, ಒಳಗು ಗೊತ್ತಿರಲಿಕ್ಕಿಲ್ಲ. ಬ್ಯಾಂಕೊಂದು ತನ್ನ ಮೊಬೈಲ್ ಆ್ಯಪನ್ನು ಬದಲಿಸಿತೆನ್ನಿ. ತಪ್ಪು ಗುಪ್ತಪದ ಹಾಕಿದರೆ ಅದು ತಡೆಯುವುದೇ, ಕಳಿಸಿದ ಹಣ ಸರಿಯಾದ ಖಾತೆಗೆ ಹೋಗುವುದೇ ಎಂದು ಪ್ರತಿಸಲವೂ ಪರೀಕ್ಷಿಸಬೇಕು. ಈ ನೂರಾರು ಪರೀಕ್ಷೆಗಳನ್ನು ಮನುಷ್ಯ ಕೈಯಾರೆ ಮಾಡುವ ಬದಲು ಕಂಪ್ಯೂಟರೇ ಮಾಡುವಂತೆ ಸಣ್ಣ ಸಣ್ಣ ಪ್ರೋಗ್ರಾಮುಗಳನ್ನು ಬರೆಯುವುದು, ರಾತ್ರಿ ಓಡಿದ ಪರೀಕ್ಷೆಗಳಲ್ಲಿ ಬಿದ್ದುಹೋದವುಗಳ ಕಾರಣವನ್ನು ಬೆಳಿಗ್ಗೆ ಹುಡುಕುವುದು ಹೊಸಬರ ಪಾಲಿನ ಕೆಲಸವಾಗಿತ್ತು.

2022ರ ನವೆಂಬರ್ 30ರಂದು ಚಾಟ್‌ಜಿಪಿಟಿ ಸಾರ್ವಜನಿಕರ ಕೈಗೆ ಬಂದ ಮೇಲೆ ಈ ಕ್ಷೇತ್ರದ ಚಿತ್ರವೇ ಬದಲಾಗತೊಡಗಿತು. ಕೃತಕ ಬುದ್ಧಿಮತ್ತೆಯ ಉಪಕರಣಗಳು ಇಂದು ಅಂಥ ಪ್ರೋಗ್ರಾಮನ್ನು ನಿಮಿಷಗಳಲ್ಲಿ ಬರೆದುಕೊಡುತ್ತವೆ. ಪರದೆಯ ಮೇಲಿನ ಗುಂಡಿ ಸ್ಥಳ ಬದಲಿಸಿದರೆ ಅದನ್ನು ಗುರುತಿಸಿ ತಿದ್ದಲೂ ಯತ್ನಿಸುತ್ತವೆ. ಇತರರ ದುಡಿಮೆಯನ್ನು ಯಂತ್ರಕ್ಕೆ ಒಪ್ಪಿಸಲೆಂದು ನೇಮಕಗೊಂಡವರ ದುಡಿಮೆಯೇ ಯಂತ್ರದ ಪಾಲಾಗುತ್ತಿದೆ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು ಅಮೆರಿಕದ ಸಂಬಳಪಟ್ಟಿಗಳನ್ನು ಪರಿಶೀಲಿಸಿ 2025ರ ಆಗಸ್ಟ್‌ನಲ್ಲಿ ವರದಿಯೊಂದನ್ನು ಪ್ರಕಟಿಸಿದರು. ಕೃತಕ ಬುದ್ಧಿಮತ್ತೆಯ ಪ್ರಭಾವಕ್ಕೆ ಹೆಚ್ಚು ಒಳಗಾದ ವೃತ್ತಿಗಳಲ್ಲಿ 22ರಿಂದ 25 ವಯಸ್ಸಿನವರ ಉದ್ಯೋಗ, ಇತರರಿಗೆ ಹೋಲಿಸಿದಾಗ ಶೇ. 13ರಷ್ಟು ಕುಸಿದಿದೆಯೆಂದು ಅದು ಹೇಳುತ್ತದೆ. ಅದೇ ವೃತ್ತಿಗಳ ಹಿರಿಯರ ಸ್ಥಾನ ಮಾತ್ರ ಭದ್ರವಾಗಿತ್ತು. ಅಂಕಿಅಂಶ ಅಮೆರಿಕದ್ದಾದರೂ, ನಮ್ಮ ಮಕ್ಕಳು ದುಡಿಯುವ ಕಂಪನಿಗಳ ಬಹುಪಾಲು ಗಿರಾಕಿಗಳು ಅಲ್ಲಿಯವರೇ ಎಂಬುದನ್ನು ಮರೆಯಬಾರದು.

ಇದಕ್ಕೆ ಬುದ್ಧಿವಂತರ ಬಳಿ ಒಂದು ಸಿದ್ಧ ಉತ್ತರವಿದೆ: “ಬ್ಯಾಂಕುಗಳಿಗೆ ಕಂಪ್ಯೂಟರ್ ಬಂದಾಗಲೂ ಜನ ಹೀಗೆಯೇ ಗೋಳಾಡಿದರು, ಆಮೇಲೆ ಏನಾಯಿತು? ಕಾಲಕ್ಕೆ ಹೊಂದಿಕೊಳ್ಳಿ.” ಉತ್ತರ ಚೆನ್ನಾಗಿದೆ, ಆದರೆ ಅರ್ಧ ಚರಿತ್ರೆಯನ್ನು ನುಂಗಿದೆ. ಬ್ಯಾಂಕುಗಳಿಗೆ ಕಂಪ್ಯೂಟರ್ ತಾನಾಗಿ ನುಗ್ಗಲಿಲ್ಲ. 1983ರಲ್ಲಿ ಬ್ಯಾಂಕುಗಳ ಆಡಳಿತಕ್ಕೂ ನೌಕರರ ಸಂಘಗಳಿಗೂ ಒಪ್ಪಂದವಾಯಿತು. ಯಂತ್ರೀಕರಣ ಹಂತಹಂತವಾಗಿ ಸಾಗಿತು. ದುಡಿಯುವವರನ್ನು ಮೇಜಿನ ಎದುರು ಕೂರಿಸಿ ಮಾತನಾಡಲಾಗಿತ್ತು. ಇಂದು ಯಾವ ಮೇಜಿನ ಎದುರು ಯಾರು ಕುಳಿತಿದ್ದಾರೆ? ಇನ್ನೂ ನೌಕರಿಗೇ ಸೇರದ ಹುಡುಗನಿಗೆ ಸಂಘವೆಲ್ಲಿ? ಅವನನ್ನು ಯಾರೂ ವಜಾ ಮಾಡುವುದಿಲ್ಲ, ಕರೆಯುವುದೇ ಇಲ್ಲ. ಆದ್ದರಿಂದ ಅವನ ನಷ್ಟ ಯಾವ ಲೆಕ್ಕಪತ್ರದಲ್ಲಿಯೂ ಕಾಣಿಸದು.

ಇದರಿಂದ ಕಂಪನಿಗಳಿಗಾದರೂ ಒಳಿತಾದೀತೇ? ಉದ್ಯಮಬಾಗದ ಲೇಥ್ ಶೆಡ್ಡುಗಳಲ್ಲಿ ದುಡಿದವರನ್ನು ಕೇಳಿ ನೋಡಿ. ಹೊಸ ಹುಡುಗನಿಗೆ ಮೊದಲ ದಿನವೇ ಬೆಲೆಬಾಳುವ ಯಂತ್ರವನ್ನು ಯಾರೂ ಒಪ್ಪಿಸುವುದಿಲ್ಲ. ಅರ ಹಿಡಿದು ಉಜ್ಜುತ್ತಾ, ಅಳತೆ ನೋಡುತ್ತಾ, ಕೆಟ್ಟ ಕಾಮಗಾರಿಗೆ ಮೇಸ್ತ್ರಿಯಿಂದ ಬೈಸಿಕೊಳ್ಳುತ್ತಾ ಅವನ ಕೈ ಪಳಗುತ್ತದೆ. ಸಾಫ್ಟ್‌ವೇರಿನಲ್ಲೂ ಹಾಗೆಯೇ. ಬಿದ್ದ ಪರೀಕ್ಷೆಯ ಕಾರಣವನ್ನು ಸಾವಿರ ಸಲ ಹುಡುಕಿದವನಿಗೆ ಮಾತ್ರ, ಯಂತ್ರ ಬರೆದುಕೊಟ್ಟ ಪರೀಕ್ಷೆ ನಿಜವಾಗಿ ಏನನ್ನೂ ಪರೀಕ್ಷಿಸುತ್ತಿಲ್ಲವೆಂಬುದು ಕಣ್ಣಿಗೆ ಬೀಳುತ್ತದೆ. ಈ ಉಪಕರಣಗಳು ತಪ್ಪನ್ನೂ ಒಪ್ಪನ್ನೂ ಒಂದೇ ಧೈರ್ಯದಿಂದ ಬರೆಯುತ್ತವೆ. ಅವುಗಳನ್ನು ತೂಗಿ ನೋಡುವ ಹಿರಿಯರು ಬೇಕೇಬೇಕು. ಇಂದು ಕಿರಿಯರನ್ನು ಸೇರಿಸಿಕೊಳ್ಳದವರಿಗೆ ಹತ್ತು ವರ್ಷದ ಮೇಲೆ ಹಿರಿಯರು ಎಲ್ಲಿಂದ ಬರಬೇಕು? ಬಿತ್ತನೆಯ ಕಾಳನ್ನು ಕುಟ್ಟಿ ಉಂಡವನ ಕಣಜ ಮುಂದಿನ ವರ್ಷ ಬರಿದಾಗಲೇಬೇಕು.

ಧರ್ಮಸಭೆ ಈ ವಿಷಯದಲ್ಲಿ ಮೌನವಾಗಿಲ್ಲ. ಕೈಗಾರಿಕಾ ಕ್ರಾಂತಿಯಲ್ಲಿ ನಲುಗಿದ ಕಾರ್ಮಿಕರ ಪರವಾಗಿ ಜಗದ್ಗುರು ಹದಿಮೂರನೆಯ ಲಿಯೋ 1891ರಲ್ಲಿ ‘ರೇರುಮ್ ನೊವಾರುಮ್’ ಎಂಬ ವಿಶ್ವಪತ್ರವನ್ನು ಹೊರಡಿಸಿದರು. 2025ರ ಮೇ 8ರಂದು ಆಯ್ಕೆಯಾದ ಜಗದ್ಗುರು ಹದಿನಾಲ್ಕನೆಯ ಲಿಯೋ ಎರಡೇ ದಿನಗಳ ನಂತರ ಕಾರ್ಡಿನಲರ ಮುಂದೆ, ತಾವು ಆ ಹೆಸರನ್ನು ಆರಿಸಿಕೊಂಡದ್ದಕ್ಕೆ ಆ ವಿಶ್ವಪತ್ರವೇ ಮುಖ್ಯ ಕಾರಣವೆಂದೂ, ಕೃತಕ ಬುದ್ಧಿಮತ್ತೆಯು ಮತ್ತೊಂದು ಕೈಗಾರಿಕಾ ಕ್ರಾಂತಿಯಾಗಿ ಮಾನವ ಘನತೆಗೂ ದುಡಿಮೆಗೂ ಸವಾಲೊಡ್ಡಿದೆಯೆಂದೂ ಸ್ಪಷ್ಟಪಡಿಸಿದರು. ದುಡಿಮೆ ಮನುಷ್ಯನಿಗಾಗಿ ಇದೆಯೇ ಹೊರತು ಮನುಷ್ಯ ದುಡಿಮೆಗಾಗಿ ಇಲ್ಲವೆಂಬುದು ಸಂತ ಎರಡನೆಯ ಜಾನ್ ಪೌಲರು 1981ರ ‘ಲಬೋರೆಮ್ ಎಕ್ಸೆರ್ಸೆನ್ಸ್’ನಲ್ಲಿ ನೀಡಿದ ಬೋಧನೆ. ಯಂತ್ರವನ್ನು ಒಡೆಯಿರೆಂದು ಇವರಾರೂ ಹೇಳಲಿಲ್ಲ. ಯಂತ್ರದ ಲಾಭವನ್ನು ಯಾರು ಉಣ್ಣುತ್ತಾರೆ, ಯಾರು ಹೊರಗೆ ನಿಲ್ಲುತ್ತಾರೆ ಎಂದು ಕೇಳಿದರು.

ಹಾಗಾದರೆ ಹೊಲದ ಅಂಚು ಯಾವುದು? ಅದಕ್ಕೆ ಅಳತೆಯೂ ಇದೆ. ನಮ್ಮ ದೇಶದಲ್ಲಿ 1961ರ ಅಪ್ರೆಂಟಿಸ್ ಕಾಯ್ದೆಯಿದೆ. 2019ರಲ್ಲಿ ತಿದ್ದುಪಡಿಯಾದ ನಿಯಮಗಳಂತೆ 30 ಮತ್ತು ಅದಕ್ಕಿಂತ ಹೆಚ್ಚು ಸಿಬ್ಬಂದಿಯುಳ್ಳ ಸಂಸ್ಥೆ, ಸಿಬ್ಬಂದಿಯ ಶೇ. 2.5ರಿಂದ ಶೇ. 15ರಷ್ಟು ಅಪ್ರೆಂಟಿಸರನ್ನು ತೆಗೆದುಕೊಳ್ಳಬೇಕು. ಇದು ಇಂದಿನ ಹಕ್ಕಲಿನ ಕಟ್ಟಳೆ. ಇದನ್ನು ಕಾಗದದ ಮೇಲೆ ಪಾಲಿಸಿ, ಬಂದ ಹುಡುಗರನ್ನು ಮೂಲೆಯಲ್ಲಿ ಕೂರಿಸಿ ಕಳಿಸಿಬಿಟ್ಟರೆ ಸಾಲದು. ಯಂತ್ರ ಮಾಡಬಲ್ಲ ಕೆಲಸದಲ್ಲಿಯೂ ಒಂದು ಪಾಲನ್ನು ಕಲಿಯುವವರಿಗೆಂದೇ ಮೀಸಲಿಡಿ. ಅವರ ಕೆಲಸವನ್ನು ನೋಡಿ ತಿದ್ದಲು ಹಿರಿಯರಿಗೆ ಸಮಯ ಕೊಡಿ. ಕಾಲೇಜುಗಳು ನೌಕರಿ ಸಿಕ್ಕವರ ಭಾವಚಿತ್ರದ ಫಲಕ ಕಟ್ಟುವುದರೊಡನೆ, ಸಿಗದವರೆಷ್ಟು ಎಂಬುದನ್ನೂ ಪ್ರಕಟಿಸಲಿ.

ಇನ್ನು ನಮ್ಮ ಮಾತು. ಧರ್ಮಕೇಂದ್ರಗಳಲ್ಲಿ ಕಂಪನಿಯ ಮ್ಯಾನೇಜರರಿದ್ದಾರೆ, ಕಾರ್ಖಾನೆಯ ಒಡೆಯರಿದ್ದಾರೆ, ಅನುಭವಸ್ಥ ಇಂಜಿನಿಯರರಿದ್ದಾರೆ. ಭಾನುವಾರದ ಬಲಿಪೂಜೆಯಲ್ಲಿ ಇವರೂ, ಎರಡು ವರ್ಷದಿಂದ ನೌಕರಿ ಹುಡುಕುತ್ತಿರುವ ಯುವಕನೂ ಒಂದೇ ಬೆಂಚಿನ ಮೇಲೆ ಕೂರುತ್ತಾರೆ. ಪೂಜೆ ಮುಗಿದ ಮೇಲೆ “ಇನ್ನೂ ಮನೆಯಲ್ಲೇ ಇದ್ದೀಯಾ?” ಎಂದು ಅವನನ್ನು ಕುಟುಕುವ ಬದಲು, ವಾರಕ್ಕೆ ಎರಡು ಗಂಟೆ ಕೂತು ಅವನು ಬರೆದದ್ದನ್ನು ತಿದ್ದಿಕೊಡಬಾರದೇ? ಕಿರಿಯರೂ ಯಂತ್ರ ಬರೆದುಕೊಟ್ಟದ್ದನ್ನು ಹಾಗೆಯೇ ಒಪ್ಪಿಸದೆ, ಸಾಲುಸಾಲಾಗಿ ಪ್ರಶ್ನಿಸುವುದನ್ನು ರೂಢಿಸಿಕೊಳ್ಳಲಿ. ಆ ವಿವೇಕವೇ ಅವರ ಬಂಡವಾಳ.

ಯೇಸುಸ್ವಾಮಿ ಹೇಳಿದ ದ್ರಾಕ್ಷಿತೋಟದ ಸಾಮತಿಯಲ್ಲಿ ಸಂಜೆಯವರೆಗೂ ಚೌಕದಲ್ಲಿ ನಿಂತಿದ್ದವರು ಸೋಮಾರಿಗಳಾಗಿರಲಿಲ್ಲ. ಅವರನ್ನು ಯಾರೂ ಕೂಲಿಗೆ ಕರೆದಿರಲಿಲ್ಲ, ಅಷ್ಟೇ. ತೋಟದ ಯಜಮಾನ ಅವರ ಅನುಭವವನ್ನು ವಿಚಾರಿಸಲಿಲ್ಲ. ತಾನೇ ಹೋಗಿ ಕರೆತಂದ. ನಮ್ಮ ಮಕ್ಕಳು ಇಂದು ಚೌಕದಲ್ಲಿ ನಿಂತಿದ್ದಾರೆ. ತೋಟವುಳ್ಳವರು ಹೊರಗೆ ಬಂದು ನೋಡಲಿ.